ಸದ್ದಿಲ್ಲದ ಕೊರಳು

ಹಟ್ಟಿಯ ಪ್ರತಿ ಕುರಿಯ ಕೊರಳಿಗೂ ಒಡೆಯ ಹೊಸ ಗಂಟೆ ಕಟ್ಟಿಸಿದ್ದ. ಸುಮ್ಮನೆ ಮೆಲುಕು ಹಾಕಿದರೂ ಅದು ಕಿಣಿಗುಟ್ಟುತ್ತಿತ್ತು. ತನ್ನ ಮರಿಯನ್ನು ನಾಳೆ ಕಟುಕನಿಗೆ ಕೊಡುತ್ತಾರೆಂದು ತಿಳಿದಾಗಿನಿಂದ ಕೆಂಚಿ ಎಂಬ ಕುರಿ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದಳು. ಮಧ್ಯಾಹ್ನ ಕಾವಲುನಾಯಿ ಕಣ್ಣು ಮುಚ್ಚಿ ಮಲಗಿದ್ದಾಗ ಅವಳು ನೀರಿನ ತೊಟ್ಟಿಯ ಪಕ್ಕದ ಕೆಸರಿಗೆ ಕೊರಳೊತ್ತಿ, ಗಂಟೆಯ ತುಂಬ ಮಣ್ಣು ತುಂಬಿಕೊಂಡಳು. ಸದ್ದು ನಿಂತಿತು.

“ಕಂದಾ, ನಿನ್ನ ಗಂಟೆಗೂ ಕೆಸರು ಮೆತ್ತಿಕೋ. ಬೇಲಿಯ ಕಂಡಿಯಲ್ಲಿ ನುಸುಳಿ ಹೋಗಿಬಿಡೋಣ. ಇಲ್ಲದಿದ್ದರೆ ನಾಳೆ ನೀನು ಕಟುಕನ ಪಾಲು,” ಎಂದು ಮರಿಯ ಕಿವಿಯಲ್ಲಿ ಪಿಸುಗುಟ್ಟಿದಳು.

“ಅಯ್ಯೋ ದಡ್ಡೀ,” ಎಂದು ಮಣ್ಣು ತುಂಬಿದ ಗಂಟೆ ತೊದಲಿತು. “ನಾನು ಕೂಗುತ್ತಿದ್ದರೆ ನಾಯಿ ಏಳುವುದಿಲ್ಲ. ನಾನು ಸುಮ್ಮನಾದರೇ ಏಳುವುದು.”

ಕೆಂಚಿ ತಿರುಗಿ ನೋಡಿದಳು. ನಾಯಿಯ ಎರಡೂ ಕಿವಿ ನಿಮಿರಿದ್ದವು.

“ಒಂದು ಗಂಟೆ ಕೇಳಿಸ್ತಿಲ್ಲವಲ್ಲ, ಯಾರದಮ್ಮಾ ಅದು?” ಎಂದು ಕೇಳುತ್ತ ನಾಯಿ ನಿಧಾನವಾಗಿ ಎದ್ದು ಬಂದಿತು.

ಮೆಲುಕು ಹಾಕುತ್ತ ತೂಕಡಿಸುತ್ತಿದ್ದ ಕುರಿಗಳೂ ಎಚ್ಚೆತ್ತು ಕೊರಳು ಕುಣಿಸತೊಡಗಿದವು. ಕೆಂಚಿ ಮರಿಯ ಕಡೆಗೆ ಮುಖ ಚಾಚಿದಳು. ಅದು ಅವಳಿಂದ ಹಿಂದೆ ಹಿಂದೆ ಸರಿದು, ಎಲ್ಲರಿಗಿಂತ ಜೋರಾಗಿ ಕೊರಳು ಅಲ್ಲಾಡಿಸುತ್ತ ನಾಯಿಯನ್ನು ಕೇಳಿತು: “ಅಣ್ಣಾ, ನನ್ನದು ಕೇಳಿಸ್ತಿದೆ ಅಲ್ವಾ?”