ತೂಕ ಇಳಿಯದ ಪುಡಿ

ಕೇಳಿ, ಒಂದಾನೊಂದು ಊರಿನಲ್ಲಿ, ಅಂದರೆ ಜನರೆಲ್ಲ ನೇರಳೆ ನೀರು ಕುಡಿದು ನೇರಳೆ ಆಕಳಿಕೆ ತೆಗೆಯುತ್ತಿದ್ದ ಊರಿನಲ್ಲಿ, ತಕ್ಕಡಿರಾಯ ಎಂಬ ರಾಜನಿದ್ದ. ಅವನಿಗೆ ತೂಕದ ಹುಚ್ಚು. ಸಂಜೆಯಾದರೆ ಆಳುಗಳನ್ನೆಲ್ಲ ತಕ್ಕಡಿ ಹತ್ತಿಸುತ್ತಿದ್ದ. ತೂಕ ಇಳಿದವನು ಕೆಲಸ ಮಾಡಿದವನು. ಇಳಿಯದವನು ಮೈಗಳ್ಳ. ಅದೇ ಕಾನೂನು.

ಬಟ್ಟೆಗೆ ಬಣ್ಣ ಹಾಕುವವರ ತೊಟ್ಟಿಯ ನೀರು ಹರಿದು ಊರ ಕೆರೆ ನೇರಳೆಯಾಗಿತ್ತು. ಅದನ್ನು ತಿಳಿ ಮಾಡಲೆಂದು ವಿದ್ಯಾಪೀಠದ ಸಂಶೋಧಕಿ ನಾಗಲಾಂಬಿಕೆ ಒಂದು ಬಿಳಿ ಪುಡಿ ಮಾಡಿದ್ದಳು. ಕುಲುಮೆಯಲ್ಲಿ ಕಾಯಿಸಿ, ಅರೆದು, ಮತ್ತೆ ಕಾಯಿಸಿ, ಮತ್ತೆ ಅರೆದು, ಅಷ್ಟರಲ್ಲಿ ಅವಳ ತಲೆಯೂ ಬೆಳ್ಳಗಾಗಿತ್ತು.

ರಾಜ ಹೇಳಿದ, "ಸಂಜೆಯೊಳಗೆ ಕೆರೆಯಲ್ಲಿ ಬಣ್ಣ ಇರಬಾರದು. ಇದ್ದರೆ ನಿನ್ನ ಕುಲುಮೆ ಒಡೆಸ್ತೀನಿ. ಈ ಪುಡೀಲಿ ಅರಮನೆ ಬಾಗಿಲಿಗೆ ರಂಗೋಲಿ ಹಾಕಿಸ್ತೀನಿ."

"ಅಮ್ಮಾ, ಎಲ್ಲರೂ ನನ್ನ ತುಳೀತಾರೆ" ಎಂದು ಪುಡಿ ಅತ್ತಿತು.

"ಅಳಬೇಡ ಕಂದ, ಗಂಟುಗಂಟಾಗ್ತೀಯ" ಎಂದಳು ನಾಗಲಾಂಬಿಕೆ. ಪುಡಿಯನ್ನು ಎತ್ತಿಕೊಂಡು ಕೆರೆ ದಂಡೆಗೆ ನಡೆದಳು.

ಪುಡಿ ಕೆರೆಗೆ ಇಳಿಯಿತು. ಸೂರ್ಯ ನೆತ್ತಿಗೆ ಬಂದ. ಬಿಸಿಲು ಪುಡಿಯನ್ನು ಮುಟ್ಟಿತು, ಪುಡಿ ಬಣ್ಣವನ್ನು ಮುಟ್ಟಿತು. ಬಣ್ಣ ಚೂರಾಯಿತು, ಚೂರು ಚೂರುಚೂರಾಯಿತು. ಸಂಜೆಗೆ ಮುಂಚೆಯೇ ತಳದಲ್ಲಿ ಮಲಗಿದ್ದ ಆಮೆ ಕಾಣಿಸಿತು. ಪಾಪ, ನಾಚಿಕೊಂಡಿತು.

ಮಂತ್ರಿ ಪುಡಿಯನ್ನು ಸೋಸಿ, ಒಣಗಿಸಿ, ತೂಗಿದ. ಒಂದು ಕಣವೂ ಕಮ್ಮಿಯಿಲ್ಲ.

"ಮೈಗಳ್ಳ ಪುಡಿ. ಇದು ಕೆಲಸವೇ ಮಾಡಿಲ್ಲ" ಎಂದ ರಾಜ. "ಒಡೀರಿ ಕುಲುಮೆ."

"ಇದು ಕೆಲಸ ಮಾಡುತ್ತೆ ಮಹಾಪ್ರಭು, ಆದರೆ ಸವೆಯೋದಿಲ್ಲ. ಅದೇ ಇದರ ಗುಣ. ನಂಬಿಕೆ ಇಲ್ಲದಿದ್ದರೆ, ಬೇರೆ ಯಾರು ಮಾಡಿದರು ಅಂತ ನೀವೇ ತೂಗಿ ನೋಡಿ" ಎಂದಳು ನಾಗಲಾಂಬಿಕೆ.

ತೂಗುವುದೆಂದರೆ ರಾಜನಿಗೆ ಎಲ್ಲಿಲ್ಲದ ಹುರುಪು. ಮೊದಲು ಸೂರ್ಯನನ್ನು ತೂಗಿದರು. ಬಿಸಿಲು ಎರಡೂ ತಟ್ಟೆಯಲ್ಲಿ ಕೂತಿತು, ಮುಳ್ಳು ಅಲುಗಲಿಲ್ಲ. ಸೂರ್ಯನೂ ಮೈಗಳ್ಳ. ಆಮೆಯನ್ನು ತೂಗಿದರು. ಪಾಚಿ ತಿಂದು ಅದು ಇನ್ನೂ ದಪ್ಪಗಾಗಿತ್ತು.

"ಉಳಿದದ್ದು ಬಣ್ಣ ಒಂದೇ. ಅದನ್ನೂ ಹಿಡಿದು ತನ್ನಿ, ತೂಗೋಣ" ಎಂದ ರಾಜ.

ಆಳುಗಳು ಕೊಡದಲ್ಲಿ ಮೊಗೆದು ನೋಡಿದರು. ಮಂತ್ರಿ ಮುಳುಗಿ ನೋಡಿದ. ಕೊನೆಗೆ ರಾಜನೇ ಕಿರೀಟ ತೆಗೆದಿಟ್ಟು ಮುಳುಗಿದ, ಎದ್ದ, ಮತ್ತೆ ಮುಳುಗಿದ.

"ಎಲ್ಲೂ ಸಿಗ್ತಿಲ್ಲ. ಈ ಕೆರೆಯಲ್ಲಿ ಬಣ್ಣ ಅನ್ನೋದೇ ಇಲ್ಲ" ಎಂದು ಗಟ್ಟಿಯಾಗಿ ಕೂಗಿದ.

"ಇನ್ನೊಂದು ಸಲ ಅಪ್ಪಣೆ ಕೊಡಿಸಿ ಮಹಾಪ್ರಭು, ಹಿಂದೆ ನಿಂತವರಿಗೆ ಕೇಳಿಸಲಿಲ್ಲ" ಎಂದಳು ನಾಗಲಾಂಬಿಕೆ.

ರಾಜ ಬಾಯಿ ತೆರೆದ. ಆಗ ಅವನಿಗೆ ತಾನೇ ಹಾಕಿದ ಷರತ್ತು ಹೊಳೆಯಿತು. ಬಾಯಿ ಹಾಗೇ ಮುಚ್ಚಿದ. ಆದರೆ ಊರೆಲ್ಲ ಕೇಳಿಸಿಕೊಂಡಾಗಿತ್ತು. ಕುಲುಮೆ ಉಳಿಯಿತು. ಜನ ಬೊಗಸೆ ಬೊಗಸೆ ನೀರು ಕುಡಿದು ನಾಗಲಾಂಬಿಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು, ಬರೀ ಸಂತೋಷಕ್ಕೆ. ಪುಡಿ ಮಾತ್ರ, "ಮುಂದಿನ ಕೆರೆ ಯಾವುದಮ್ಮಾ?" ಎಂದು ಕೇಳಿತು.

ಇದರ ನೀತಿ ಏನಪ್ಪಾ ಅಂದರೆ, ಬಣ್ಣ ತೂಗುವ ಆಸೆಯಿದ್ದವರು ಅದು ಇರುವಾಗಲೇ ತೂಗಿಕೊಳ್ಳಬೇಕು. ನಾನು ಹೇಳಿ ಹಗುರಾದೆ, ಇನ್ನು ಭಾರ ನಿಮ್ಮದು.