ಗಂಜಿ ಚೌಡಿಯ ಮೂರು ಉತ್ತರ

"ಕೇಳಿರಪ್ಪೋ ಕೇಳಿ! ಕಲ್ಲುಕೋಟೆಯ ದೊರೆ ಸೋಮಭೂಪಾಲರ ಅಪ್ಪಣೆ! ಅರಮನೆಯ ವೈದ್ಯಶಾಲೆಗೆ ಹೊಸ ಗುರು ಬೇಕು. ಅಮಾವಾಸ್ಯೆಯ ದಿನ ತುಂಬಿದ ಸಭೆಯಲ್ಲಿ ದೊರೆಗಳು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಗುರುಪೀಠ, ತಪ್ಪಿದವರಿಗೆ ತಲೆದಂಡ! ಯಾರೂ ಬಿಡಿಸದಿದ್ದರೆ ವೈದ್ಯಶಾಲೆಗೆ ಬೀಗ, ರೋಗಿಗಳು ಬೀದಿಗೆ!"

ಡಂಗುರದವನು ಇಷ್ಟು ಕೂಗಿ ಹೋದ. ಊರು ಬೆಚ್ಚಿಬಿತ್ತು. ಒಂಬತ್ತು ವರ್ಷದ ಯುವರಾಜ ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ದೊರೆಯ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಈಗ ನೋಡಿದರೆ ಈ ಅಪ್ಪಣೆ.

ಆ ವೈದ್ಯಶಾಲೆಯೇನು ಸಾಮಾನ್ಯದ್ದಲ್ಲ. ಹನ್ನೆರಡು ವರ್ಷ ಓಲೆಗರಿ ಓದಿ ಶ್ಲೋಕ ಉರುಹೊಡೆದವರೇ ಅಲ್ಲಿ ವೈದ್ಯರು. ನಾಡಿ ಹಿಡಿದ ಕೂಡಲೇ ಕಾಯಿಲೆಯ ಹೆಸರು ಹೇಳಿಬಿಡಬೇಕು. ರೋಗಿಯನ್ನು ಏನಾದರೂ ಕೇಳಿದರೆ ವಿದ್ಯೆಗೇ ಅವಮಾನ. "ಕೇಳಿ ತಿಳಿಯುವುದಾದರೆ ಕಲಿತದ್ದು ಯಾತಕ್ಕೆ?" ಎನ್ನುತ್ತಿದ್ದರು ಹಿರಿಯ ವೈದ್ಯ ತ್ರ್ಯಂಬಕ ಪಂಡಿತರು. ಹೀಗಾಗಿ ರೋಗಿಗಳು ತಮ್ಮ ಸಂಕಟವನ್ನೆಲ್ಲ ಚೌಡಿಯ ಹತ್ತಿರ ತೋಡಿಕೊಳ್ಳುತ್ತಿದ್ದರು. ಚೌಡಿ ಅಲ್ಲಿ ಗಂಜಿ ಬೇಯಿಸುವ ಹೆಣ್ಣು, ವಯಸ್ಸು ಇಪ್ಪತ್ತೆರಡು. ನಲವತ್ತು ರೋಗಿಗಳಿಗೆ ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ಹುಣ್ಣು ತೊಳೆಯುವವಳು ಅವಳೇ. ಓದು ಮಾತ್ರ ಸೊನ್ನೆ.

ಡಂಗುರ ಕೇಳಿದ ಮುದುಕಿಯೊಬ್ಬಳು ಅವಳ ಸೆರಗು ಹಿಡಿದು, "ಮಗಾ, ನಾವೆಲ್ಲಿಗೋಗಾಣ?" ಎಂದಳು. ಅಮಾವಾಸ್ಯೆಯ ದಿನ ಚೌಡಿ ಗಂಜಿ ಹಂಚಿ, ಕೈ ಒರೆಸಿಕೊಂಡು ಅರಮನೆಗೆ ನಡೆದಳು.

ಸಿಂಹಾಸನದ ಪಕ್ಕದಲ್ಲಿ ಕತ್ತಿ ಹಿಡಿದ ಕಟುಕ ನಿಂತಿದ್ದ. ಮಂತ್ರಿ ಎಚ್ಚರಿಸಿದ: "ದೊರೆಗಳು ಕೇಳುತ್ತಾರೆ, ನೀವು ಹೇಳಬೇಕು. ದೊರೆಗಳನ್ನೇ ತಿರುಗಿ ಪ್ರಶ್ನಿಸಿದವರ ತಲೆಯೂ ಉಳಿಯದು."

ದೊರೆ ಮೊದಲ ಒಗಟು ಹಾಕಿದ: "ಒಂದು ಮದ್ದಿದೆ. ಅರೆಯುವಂತಿಲ್ಲ, ಕುದಿಸುವಂತಿಲ್ಲ. ಬಡವನಿಗೆ ಕಲ್ಲಿನ ಮೇಲೂ ಸಿಗುತ್ತದೆ, ಸಾಹುಕಾರನಿಗೆ ಹಂಸತೂಲಿಕೆಯಲ್ಲೂ ಸಿಗುವುದಿಲ್ಲ. ಕರೆದರೆ ದೂರ ಹೋಗುತ್ತದೆ, ಕರೆಯುವುದನ್ನು ಬಿಟ್ಟರೆ ಬರುತ್ತದೆ. ಏನದು?"

ಕಾಶಿಯಲ್ಲಿ ಕಲಿತು ಬಂದಿದ್ದ ಪಂಡಿತನೊಬ್ಬ ಎದ್ದು, "ಸಂಜೀವಿನಿ!" ಎಂದ. ದೊರೆ ತಲೆಯಾಡಿಸಿದ. ಕಟುಕ ಅವನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿದ.

ಚೌಡಿ ಮುಂದೆ ಬಂದು ಹೆಸರು ಹೇಳಿಕೊಂಡಳು. "ಬುದ್ಧೀ, ಅದು ನಿದ್ದೆ. ನಮ್ ರೋಗಿಗಳು ದಿನಾ ಅದುನ್ನೇ ಬೇಡ್ಕತಾರೆ."

"ಸರಿ," ಎಂದ ದೊರೆ. ಸಭೆ ಅತ್ತಿತ್ತ ನೋಡಿತು.

"ಎರಡನೆಯದು. ರೋಗಿಗೆ ಆಗಬೇಕು, ವೈದ್ಯನಿಗೆ ಇರಬೇಕು. ರೋಗಿಗೆ ಆಗದಿದ್ದರೆ ರೋಗಿ ಸಾಯುತ್ತಾನೆ. ವೈದ್ಯನಿಗೆ ಇಲ್ಲದಿದ್ದರೂ ರೋಗಿಯೇ ಸಾಯುತ್ತಾನೆ. ಎರಡಕ್ಕೂ ಹೆಸರು ಒಂದೇ."

ಮಧುರೆಯ ಪಂಡಿತ "ನಂಬಿಕೆ" ಎಂದ. ಅವನೂ ಕಟುಕನ ಪಕ್ಕ ಸೇರಿದ. ತ್ರ್ಯಂಬಕ ಪಂಡಿತರು ಮಾತ್ರ ತುಟಿ ಬಿಚ್ಚಲಿಲ್ಲ. ಮುಂದೆ ಹೋದವರು ಮುಗ್ಗರಿಸಲಿ ಎಂದು ಕಾಯುವ ಜಾಣರು ಅವರು.

ಚೌಡಿ ಒಗಟನ್ನು ಮನಸ್ಸಿನಲ್ಲೇ ಹೊರಳಿಸಿದಳು. ಆಗಬೇಕು, ಇರಬೇಕು. ಮನೆಗೆ ಹೊರಡುವ ರೋಗಿಗಳು ಅವಳಿಗೆ ಕೈಮುಗಿದು ಹೇಳುತ್ತಿದ್ದ ಮಾತು ಥಟ್ಟನೆ ನಾಲಗೆಗೆ ಬಂತು.

"ಬುದ್ಧೀ, ಅದು ಗುಣ! ರೋಗಿಗೆ ಗುಣ ಆಗ್ಬೇಕು, ವೈದ್ಯನಿಗೆ ಗುಣ ಇರ್ಬೇಕು."

ದೊರೆ ಅವಳನ್ನು ಮೊದಲ ಸಲ ನೆಟ್ಟ ನೋಟದಿಂದ ನೋಡಿದ. "ಮೂರನೆಯದು. ನನ್ನ ಮೈಯಲ್ಲಿ ಒಂದು ನೋವಿದೆ. ಎಲ್ಲಿದೆ?"

ಗಂಜಿಯವಳು ಗುರುವಾಗುವುದೇ? ತ್ರ್ಯಂಬಕ ಪಂಡಿತರಿಗೆ ತಡೆಯಲಾಗಲಿಲ್ಲ. ನುಗ್ಗಿ ಬಂದು, ದೊರೆಯ ನಾಡಿ ಹಿಡಿದು, ಬಹಳ ಹೊತ್ತು ಕಣ್ಣು ಮುಚ್ಚಿದರು. "ಎದೆಯಲ್ಲಿ, ಪ್ರಭು. ಅದು ಪುತ್ರಶೋಕ." ಸಭೆ ಮರುಗಿ ನಿಟ್ಟುಸಿರುಬಿಟ್ಟಿತು.

"ತಪ್ಪು," ಎಂದ ದೊರೆ.

ಪಂಡಿತರೂ ಕಟುಕನ ಪಕ್ಕ ಸೇರಿದರು. ಈಗ ಎಲ್ಲರ ಕಣ್ಣೂ ಚೌಡಿಯ ಮೇಲೆ. ಅವಳಿಗೆ ನಾಡಿ ನೋಡಲು ಬಾರದು, ಶ್ಲೋಕ ಬಾರದು. ಬರುವುದು ಒಂದೇ, ಅದಕ್ಕೆ ಇಲ್ಲಿ ತಲೆದಂಡ. ಹೇಳದೆ ಹಿಂದೆ ಸರಿದರೆ ನಲವತ್ತು ಜನ ಬೀದಿಗೆ. ರೋಗಿಯ ಚಾಪೆಯ ಪಕ್ಕ ಕೂರುವಂತೆ ಸಿಂಹಾಸನದ ಕೆಳಗೆ ಕುಳಿತಳು.

"ಎಲ್ಲಿ ನೋಯ್ತದೆ, ಬುದ್ಧಿ?"

ಮಂತ್ರಿ ಚೀರಿದ. ಕಟುಕನ ಕತ್ತಿ ಮೇಲೆದ್ದಿತು. ಚೌಡಿ ಕಣ್ಣು ಮುಚ್ಚಿಕೊಂಡಳು.

"ನಿಲ್ಲಿಸು," ಎಂದ ದೊರೆ. ಆಮೇಲೆ ಮೆಲ್ಲಗೆ, "ಬಲಗಾಲಿನ ಹಿಮ್ಮಡಿ. ಮುಳ್ಳು ಮುರಿದುಕೊಂಡಿದೆ. ಮಗನ ಸಮಾಧಿಗೆ ಬರಿಗಾಲಲ್ಲಿ ಹೋಗುತ್ತೇನೆ."

"ಕೇಳುವುದೇ ಮೂರನೆಯ ಉತ್ತರ," ಎಂದ ದೊರೆ. "ನನ್ನ ಮಗ ಆಟವಾಡುತ್ತ ವಿಷದ ಉಮ್ಮತ್ತಿ ಕಾಯಿ ತಿಂದಿದ್ದ. ಅವನು ಸತ್ತ ಮೇಲೆ ಜೊತೆಯ ಮಕ್ಕಳು ಹೇಳಿದವು. ಒಂಬತ್ತು ವೈದ್ಯರು ನಾಡಿ ಹಿಡಿದು ಜ್ವರಕ್ಕೆ ಮದ್ದು ಕೊಟ್ಟರು. ಏನು ತಿಂದೆ ಕಂದ ಎಂದು ಒಬ್ಬರೂ ಕೇಳಲಿಲ್ಲ." ದೊರೆ ಅವಳತ್ತ ಬಾಗಿದ. "ನಾನೂ ಕೇಳಲಿಲ್ಲ, ಚೌಡಿ. ತಲೆ ಸವರುತ್ತ ಪಕ್ಕದಲ್ಲೇ ಕೂತಿದ್ದೆ."

ಆರು ತಿಂಗಳ ಮೇಲೆ ದೊರೆ ಅತ್ತ, ಎಲ್ಲರೆದುರು, ಬಿಕ್ಕಿಬಿಕ್ಕಿ. ಚೌಡಿ ಸೂಜಿ ತರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಅತ್ತು ಮುಗಿಸುವವರೆಗೂ ನಿಧಾನವಾಗಿ ಮುಳ್ಳು ತೆಗೆದಳು.

ಗುರುಪೀಠ ಅವಳದಾಯಿತು. ಅದರ ಜೊತೆಗೆ ಅವಳು ಬೇಡಿದ್ದು ಪಂಡಿತರ ಮೂರು ತಲೆಗಳನ್ನು, ಕತ್ತಿನ ಮೇಲೆ ಇದ್ದ ಹಾಗೆಯೇ. "ಓಲೆಗರಿಯ ಪಾಠ ಇವ್ರೇ ಹೇಳ್ಲಿ ಬುದ್ಧಿ, ನಂಗೆ ಬರಾಕಿಲ್ಲ. ಆದ್ರೆ ಮೊದುಲ್ನೇ ವರ್ಷ ಎಲ್ರೂ ಗಂಜಿ ಕುಡುಸ್ಬೇಕು." ದೊರೆ ಒಪ್ಪಿದ.

ಮರುದಿನ ಬೆಳಿಗ್ಗೆ ತ್ರ್ಯಂಬಕ ಪಂಡಿತರು ಗಂಜಿಯ ಬಟ್ಟಲು ಹಿಡಿದು ಮುದುಕಿಯ ಚಾಪೆಯ ಬಳಿ ನಿಂತರು. ನಾಲ್ಕು ಸಲ ಬಾಯಿ ತೆರೆದು ಮುಚ್ಚಿದರು. ಐದನೆಯ ಸಲ ಮಾತು ಹೊರಬಂತು:

"ಎಲ್ಲಿ ನೋವು, ತಾಯಿ?"

ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸರಿದು ಜಾಗ ಬಿಟ್ಟಳು. "ಕುಂತ್ಕಳಿ ಸ್ವಾಮಿ. ಇದು ನಿಂತು ಕೇಳಿದ್ರೆ ಮುಗಿಯೋದಲ್ಲ."

ಪಂಡಿತರು ಕುಳಿತರು.