ಗುರುಬಸವ್ವನ ಕೈ ಮತ್ತು ಚಿತ್ರದ ಕಳಕಪ್ಪ

ಬಹಳ ಹಿಂದೆ, ಟಿವಿಗಳಿಗೆ ಹೊಟ್ಟೆ ಇದ್ದ ಕಾಲ ಮುಗಿಯುತ್ತಾ ಬಂದಿದ್ದಾಗ, ಮಗ್ಗದ ಸದ್ದಿಗೇ ಏಳುವ, ಮಗ್ಗದ ಸದ್ದಿಗೇ ಮಲಗುವ ಒಂದು ಊರಿನಲ್ಲಿ ಕಳಕಪ್ಪ ಅಂತ ಒಬ್ಬನಿದ್ದ. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ಹೇಳಿದವರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ಹೇಳಿದವರೋ, ಯಾರಾದರೂ ನಡುವೆ ಬಾಯಿ ಹಾಕಿದರೆ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದರಂತೆ. ನಾನೂ ಹಾಗೇ.

ಊರವರು ಅವನನ್ನು ಚಿತ್ರದ ಕಳಕಪ್ಪ ಅನ್ನುತ್ತಿದ್ದರು. ಅವನು ಚಿತ್ರ ಬರೆಯುವವನಲ್ಲ, ಟಿವಿಯಲ್ಲಿ ಚಿತ್ರ ಕೂರಿಸುವವನು. ಆಗ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ ಹಾಕಿ ಆಡುವ ಹಳೇ ವಿಡಿಯೋ ಗೇಮುಗಳಿದ್ದವು. ಡಬ್ಬಾ ಟಿವಿಗಳು ಒಂದೊಂದಾಗಿ ಗುಜರಿ ಗಾಡಿ ಹತ್ತಿದವು, ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿಗಳು ಬಂದವು. ಅವು ಬಂದದ್ದೇ ತಡ, ಹಳೇ ಗೇಮುಗಳ ಚಿತ್ರ ಕೆಟ್ಟಿತು. ಬಣ್ಣ ಕದಡಿತು, ಅಂಚು ಒಡೆಯಿತು, ಆಟದೊಳಗಿನ ಮನುಷ್ಯರೆಲ್ಲ ಅಡ್ಡಕ್ಕೆ ಹಿಗ್ಗಿ ಮದುವೆ ಊಟ ಮುಗಿಸಿ ಬಂದವರ ಹಾಗೆ ಕಂಡರು. ಗೇಮೇ ಹಾಳಾಯಿತು ಅಂತ ಜನ ಅಂದುಕೊಂಡರು.

ಕಳಕಪ್ಪ ಮಾತ್ರ ಹಾಗಲ್ಲ ಅಂದ. ಹಳೇ ಗೇಮು ಕಳಿಸುವುದು ಕೆಲವೇ ಗೆರೆಗಳನ್ನು, ಗೋಡೆ ಟಿವಿಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಹೆಚ್ಚು, ಇಲ್ಲದ ಗೆರೆಗಳನ್ನು ಟಿವಿ ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ, ಊಹೆ ಕೆಟ್ಟಲ್ಲಿ ಚಿತ್ರವೂ ಕೆಡುತ್ತದೆ ಅಂತ ಹೇಳಿದನಂತೆ. ನೇಯುವವರ ಊರು ನೋಡಿ, ಗೆರೆಯ ಲೆಕ್ಕ ಅಂದರೆ ಎಲ್ಲರಿಗೂ ತಿಳಿಯಿತು.

ಅವನ ಬಗ್ಗೆ ಏನೇನೋ ಹೇಳುತ್ತಾರೆ. ವೈರು ಮೂಸಿ ಯಾವ ಬಣ್ಣ ಕಡಿಮೆ ಅನ್ನುತ್ತಿದ್ದನಂತೆ. ಅವನು ಬಸ್ ಸ್ಟ್ಯಾಂಡಿಗೆ ಬಂದು ಇಳಿದರೆ ಪಕ್ಕದ ಓಣಿಯ ಟಿವಿ ತಾನಾಗಿ ಸರಿಹೋಗುತ್ತಿತ್ತಂತೆ. ಇದನ್ನೆಲ್ಲ ನಂಬಬೇಕೆಂದೇನೂ ಇಲ್ಲ. ನಂಬಬೇಕಾದದ್ದು ಇಷ್ಟು. ಅವನು ಮೊದಲು ಕ್ಯಾಸೆಟ್ಟಿನ ತುದಿಯ ಲೋಹದ ಹಲ್ಲುಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತಿದ್ದ. ಯಾರಾದರೂ ಬಾಯಿಂದ ಊದಿದರೆ ಕೆಂಡವಾಗುತ್ತಿದ್ದ, ಎಂಜಲಿನ ತೇವಕ್ಕೆ ಹಲ್ಲು ತುಕ್ಕು ಹಿಡಿಯುತ್ತದೆ ಅಂತ. ಗೇಮಿನಲ್ಲಿ ಜಾಗವಿದ್ದರೆ ಎಲ್ಲ ಬಣ್ಣವನ್ನೂ ಒಟ್ಟಿಗೆ ತರುವ ಒಂಟಿ ಹಳದಿ ಪಿನ್ ಬಿಟ್ಟು ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ವೈರಿನಲ್ಲಿ ತರುತ್ತಿದ್ದ. ಗೇಮಿಗೂ ಟಿವಿಗೂ ನಡುವೆ ಇಲ್ಲದ ಗೆರೆಗಳನ್ನು ಲೆಕ್ಕವಾಗಿ ತುಂಬುವ ಕರೀ ಬಣ್ಣದ ಚಿಕ್ಕ ಡಬ್ಬಿಯೊಂದನ್ನು ಕೂರಿಸುತ್ತಿದ್ದ. ಆಮೇಲೆ ಆಟದೊಳಗಿನ ಚೆಂಡು ದುಂಡಗೆ ಕಾಣುವವರೆಗೂ ಚಿತ್ರದ ಅಗಲ ಇಳಿಸುತ್ತಿದ್ದ. ಆಗ ಎರಡು ಬದಿಗೂ ಕಪ್ಪು ಪಟ್ಟಿ ಬರುತ್ತಿತ್ತು. ಇಷ್ಟು ದೊಡ್ಡ ಟಿವಿ ತಂದದ್ದು ಕಪ್ಪು ನೋಡುವುದಕ್ಕಾ ಅಂತ ಮನೆಯವರು ಜಗಳಕ್ಕೆ ಬರುತ್ತಿದ್ದರು. ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವನಿಗೆ ಎರಡು ನೇಮಗಳಿದ್ದವಂತೆ. ಒಂದು, ಚಿತ್ರ ಕೂರಿಸುವವನು ಆಟ ಆಡಬಾರದು. ಆಡಲು ಕೂತರೆ ಕಣ್ಣು ಆಟದ ಹಿಂದೆ ಹೋಗುತ್ತದೆ, ಚಿತ್ರ ನೋಡುವುದಿಲ್ಲ ಅಂತ ಅವನ ವಾದ. ಜೀವಮಾನದಲ್ಲಿ ಒಂದು ಸಲವೂ ಅವನು ಗೇಮಿನ ರಿಮೋಟನ್ನು ಆಡುವುದಕ್ಕೆಂದು ಹಿಡಿದವನಲ್ಲ. ಇನ್ನೊಂದು, ಕೆಲಸ ಮುಗಿಯುವವರೆಗೆ ಟಿವಿಯ ಮುಂದೆ ಬಟ್ಟೆ ಇಳಿಬಿಟ್ಟು, ಅದರೊಳಗೆ ತಲೆ ತೂರಿಸಿ ಎಲ್ಲ ಸರಿಮಾಡಿ, ಮನೆಯವರೆಲ್ಲ ಸಾಲಾಗಿ ಕೂತ ಮೇಲೆ ಸರ್ರನೆ ಬಟ್ಟೆ ಎಳೆಯುತ್ತಿದ್ದ. ಜನ ಹೋ ಅನ್ನುತ್ತಿದ್ದರು. ಆ ಹೋ ಅನ್ನುವುದನ್ನು ಕೇಳುವುದಕ್ಕೇ ಅವನು ಬದುಕಿದ್ದ ಅಂತಾರೆ.

ಆ ಊರಿನಲ್ಲೇ ಗುರುಬಸವ್ವ ಅಂತ ಒಬ್ಬಳಿದ್ದಳು. ಕುಪ್ಪಸ ಹೊಲಿಸುವ ಕಣದ ಬಟ್ಟೆ ನೇಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಂಥವಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಬಲಗೈ ಹಗ್ಗ ಎಳೆಯದಿದ್ದರೆ ಲಾಳಿ ಓಡುವುದಿಲ್ಲ, ಲಾಳಿ ಓಡದಿದ್ದರೆ ಮಗ್ಗ ಬರೀ ಕಟ್ಟಿಗೆ. ಕೈ ತಿಕ್ಕಲು ಬರುತ್ತಿದ್ದ ಮುದುಕಿ ಹೆಬ್ಬೆರಳನ್ನು ಸುಮ್ಮನೆ ಕೂರಿಸಬೇಡ, ಏನಾದರೂ ಒತ್ತಿಸುತ್ತಿರು ಅಂದಳು. ಮನೆಯಲ್ಲಿ ಯಾರೋ ಆಡಿ ಬಿಟ್ಟ ಹಳೇ ಗೇಮ್ ಒಂದಿತ್ತು. ಗುರುಬಸವ್ವ ಅದನ್ನು ಡಬ್ಬಾ ಟಿವಿಗೆ ಹಾಕಿಸಿಕೊಂಡು ಕೂತಳು.

ಆಟ ಸುಲಭದ್ದು. ಒಬ್ಬ ಮನುಷ್ಯ ಓಡುತ್ತಾನೆ, ಹಳ್ಳ ಬರುತ್ತದೆ, ಬಟನ್ ಒತ್ತಿದರೆ ಹಾರುತ್ತಾನೆ, ಒತ್ತದಿದ್ದರೆ ಬೀಳುತ್ತಾನೆ. ಮೊದಮೊದಲು ಅವನು ಬರೀ ಬಿದ್ದ. ಆಮೇಲೆ ಒಂದು ಹಳ್ಳ ದಾಟಿದ, ಆಮೇಲೆ ಇನ್ನೊಂದು. ಹಳ್ಳಗಳೆಲ್ಲ ಮುಗಿದು ಸೇತುವೆ ಬರುತ್ತದೆ. ಸೇತುವೆ ದಾಟಿದ ದಿನ ಮಗ್ಗಕ್ಕೆ ಕೂರುತ್ತೇನೆ ಅಂತ ಅವಳು ಗಂಡ ಮುರಿಗೆಪ್ಪನ ಹತ್ತಿರ ಹೇಳಿದ್ದಳಂತೆ. ಸೇತುವೆ ಕಣ್ಣಿಗೆ ಬೀಳುವಷ್ಟು ದೂರವೂ ಬಂದಿದ್ದಳು.

ಮುರಿಗೆಪ್ಪ ಒಳ್ಳೆಯವನು. ಹೆಂಡತಿ ಕಣ್ಣು ಕಿರಿದು ಮಾಡಿ ಚಿಕ್ಕ ಟಿವಿ ನೋಡುವುದನ್ನು ಕಂಡು ಮರುಗಿದ. ಡಬ್ಬಾ ಟಿವಿಯನ್ನು ಗುಜರಿಗೆ ಕೊಟ್ಟು, ಗೋಡೆ ತುಂಬುವ ಟಿವಿ ತಂದ. ಪ್ರೀತಿಯಿಂದಲೇ ಮಾಡಿದ, ಪಾಪ.

ಆವತ್ತಿನಿಂದ ಗುರುಬಸವ್ವನ ಮನುಷ್ಯ ಮೊದಲನೇ ಹಳ್ಳಕ್ಕೇ ಬೀಳತೊಡಗಿದ. ಒತ್ತುತ್ತಾಳೆ, ಅವನು ಹಾರುವುದಿಲ್ಲ. ಹಳ್ಳಕ್ಕೆ ಬೀಳುತ್ತಾ ಬೀಳುತ್ತಾ ಹಾರುತ್ತಾನೆ. ಚಿತ್ರವೂ ಕದಡಿತ್ತಲ್ಲ, ಕಾಣದೆ ಹೀಗಾಗುತ್ತಿದೆ ಅಂತ ಮುರಿಗೆಪ್ಪ ಕಳಕಪ್ಪನನ್ನು ಕರೆಸಿದ.

ಕಳಕಪ್ಪ ಬಂದ, ಬಟ್ಟೆ ಇಳಿಬಿಟ್ಟ. ಲಕ್ವ ಹೊಡೆದವಳು ನೋಡುವ ಚಿತ್ರ ಅಂತ ಹೆಚ್ಚೇ ಮನಸ್ಸಿಟ್ಟು ಮಾಡಿದ ಅಂತಾರೆ. ಆ ಟಿವಿಯೊಳಗೆ ಚಿತ್ರಕ್ಕೆ ಸಾಣೆ ಹಿಡಿಯುವ ಏರ್ಪಾಡುಗಳು ಬೇಕಾದಷ್ಟಿದ್ದವು. ಚುಕ್ಕೆ ಅಳಿಸುವುದು, ಅಂಚು ನುಣುಪು ಮಾಡುವುದು, ಓಟವನ್ನು ನಯ ಮಾಡುವುದು. ಎಲ್ಲವನ್ನೂ ಹಚ್ಚಿದ. ಬಟ್ಟೆ ಎಳೆದಾಗ ಓಣಿಯವರೆಲ್ಲ ಹೋ ಅಂದರು. ಅಂಥ ಚಿತ್ರ ಆ ಊರು ಅದಕ್ಕೆ ಮೊದಲು ಕಂಡಿರಲಿಲ್ಲ.

ಗುರುಬಸವ್ವ ಆಡಿದಳು. ಮನುಷ್ಯ ಬಿದ್ದ. ಮತ್ತೆ ಆಡಿದಳು, ಮತ್ತೆ ಬಿದ್ದ. ಅವಳು ರಿಮೋಟ್ ಕೆಳಗಿಟ್ಟು, "ಚಿತ್ರ ಭಾಳ ಚಂದ ಬಂತಣ್ಣ. ಆದ್ರ ಕೈ ಬರವಲ್ದು," ಅಂದಳು.

ಕಳಕಪ್ಪನ ಕಿವಿಯಲ್ಲಿ ಇನ್ನೂ ಆ ಹೋ ಅನ್ನುವ ಸದ್ದಿತ್ತು. ನಗುತ್ತಾ, "ಕೈ ರಿಪೇರಿ ಮಾಡೂ ವಿದ್ಯಾ ನನಗ ಬರಂಗಿಲ್ಲ ತಂಗಿ," ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳಂತೆ. ಒಂದೇ ಒಂದು ಸಲ ಕಳಕಪ್ಪ ತಾನೇ ಆ ರಿಮೋಟ್ ಕೈಗೆ ತೆಗೆದುಕೊಂಡಿದ್ದರೆ!

ಅವಳು ಕೆಲವು ದಿನ ನೋಡಿದಳು. ಕೈ ಮತ್ತೆ ಹೋಗುತ್ತಿದೆ, ಈ ಸಲ ಹೋದದ್ದು ಬರುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡಳು. ಆಟ ಬಿಟ್ಟಳು. ಹೆಬ್ಬೆರಳು ಮೆಲ್ಲಗೆ ಅಂಗೈಯೊಳಗೆ ಮಡಚಿಕೊಂಡಿತು. ಮಳೆ ಹೋಗಿ ಚಳಿ ಬರುವಷ್ಟರಲ್ಲಿ ಮಗ್ಗ ಬಿಚ್ಚಿಸಿ ನೆಂಟರಿಗೆ ಕೊಟ್ಟುಬಿಟ್ಟಳು. ಮುರಿಗೆಪ್ಪ ಬೇಡ ಅಂದರೂ ಕೇಳಲಿಲ್ಲ.

ಕಳಕಪ್ಪನ ಅಂಗಡಿಯಲ್ಲಿ ಒಂದು ಡಬ್ಬಾ ಟಿವಿ, ಒಂದು ಗೋಡೆ ಟಿವಿ ಪಕ್ಕಪಕ್ಕದಲ್ಲಿದ್ದವು. ಒಂದೇ ಗೇಮಿನ ವೈರು ಕವಲಾಗಿ ಎರಡಕ್ಕೂ ಹೋಗಿತ್ತು. ಬಂದವರಿಗೆ ಒಂದಕ್ಕೆ ಬಟ್ಟೆ ಮುಚ್ಚಿ ಇನ್ನೊಂದನ್ನು ತೋರಿಸುವುದು, ಆಮೇಲೆ ಅದನ್ನು ಮುಚ್ಚಿ ಇದನ್ನು ತೋರಿಸುವುದು ಅವನ ಪದ್ಧತಿ. ಎರಡೂ ಒಟ್ಟಿಗೆ ತೆರೆದಿದ್ದದ್ದೇ ಇಲ್ಲ. ಗುರುಬಸವ್ವ ಮಗ್ಗ ಕೊಟ್ಟ ಮೇಲೆ ಒಂದು ದಿನ ಕಳಕಪ್ಪನ ಹೆಂಡತಿ ಆ ಬಟ್ಟೆಗಳನ್ನು ಒಗೆಯಲು ಒಯ್ದಿದ್ದಳು. ಯಾರೂ ಆಡದಿದ್ದಾಗ ಗೇಮು ತನ್ನಷ್ಟಕ್ಕೆ ತಾನು ಓಡುತ್ತದೆ. ಕಳಕಪ್ಪ ಊಟದ ಡಬ್ಬಿ ಬಿಚ್ಚುತ್ತಾ ತಲೆ ಎತ್ತಿದ. ಡಬ್ಬಾ ಟಿವಿಯಲ್ಲಿ ಮನುಷ್ಯ ಹಾರಿದ. ಆಮೇಲೆ ಗೋಡೆ ಟಿವಿಯಲ್ಲಿ ಹಾರಿದ.

ಮತ್ತೆ ನೋಡಿದ. ಇಲ್ಲಿ ಹಾರಿದ, ಆಮೇಲೆ ಅಲ್ಲಿ ಹಾರಿದ. ಚಿತ್ರಕ್ಕೆ ಸಾಣೆ ಹಿಡಿಯುವುದಕ್ಕೆ ಟಿವಿಗೂ ಹೊತ್ತು ಬೇಕು. ರೆಪ್ಪೆ ಬಡಿಯುವಷ್ಟೇ ಹೊತ್ತು, ಆದರೆ ಹಳ್ಳಕ್ಕೆ ಬೀಳಲು ಅಷ್ಟು ಸಾಕು. ಸಾಣೆ ಹೆಚ್ಚಿದಷ್ಟೂ ತಡ ಹೆಚ್ಚು. ಅನ್ನ ಬಾಯಿಗೆ ಹೋಗಲಿಲ್ಲ. ಅಂಗಡಿಯ ಬಾಗಿಲು ಕೂಡ ಎಳೆಯದೆ ಗುರುಬಸವ್ವನ ಮನೆಗೆ ಓಡಿದ ಅಂತಾರೆ.

ಹೋದವನೇ ಎಲ್ಲ ಸಾಣೆಯನ್ನೂ ಒಂದೊಂದಾಗಿ ತೆಗೆದ. ಚಿತ್ರ ಒರಟಾಯಿತು, ಅಂಚು ಅಂಕುಡೊಂಕಾಯಿತು. ಆಮೇಲೆ ನೇಮ ಮುರಿದು ತಾನೇ ರಿಮೋಟ್ ಹಿಡಿದು ಬಟನ್ ಒತ್ತಿದ. ಒತ್ತಿದ ತಕ್ಷಣ ಮನುಷ್ಯ ಹಾರಿದ. ರಿಮೋಟನ್ನು ಅವಳ ಮಡಿಲಲ್ಲಿಟ್ಟು ಹೆಬ್ಬೆರಳನ್ನು ಬಿಡಿಸಿ ಬಟನ್ ಮೇಲೆ ಕೂರಿಸಿದ. ತಡ ಮಾಡಿದ್ದು ಟಿವಿ, ನಿನ್ನ ಕೈಯಲ್ಲ, ಚಿತ್ರದ ಹುಚ್ಚಿನಲ್ಲಿ ನಾನೇ ಅದನ್ನು ಇನ್ನಷ್ಟು ತಡ ಮಾಡಿದೆ ಅಂತ ಹೇಳಿದ.

ಇಲ್ಲಿ ಕಥೆ ಎರಡು ದಾರಿ ಹಿಡಿಯುತ್ತದೆ. ಅವಳು ಒತ್ತಿದಳು, ಹಳ್ಳ ದಾಟಿದಳು, ಸೇತುವೆಯನ್ನೂ ದಾಟಿದಳು ಅಂತ ಕೆಲವರು ಹೇಳುತ್ತಾರೆ. ಅವರು ಹಾಗೆ ಹೇಳುವುದು ನಿದ್ದೆ ಚೆನ್ನಾಗಿ ಬರಲಿ ಅಂತ. ನಾನು ಕೇಳಿದ್ದು ಬೇರೆ. ಹೆಬ್ಬೆರಳು ಬಟನ್ ಮೇಲೆ ಕೂತಿತು, ಅಲುಗಲಿಲ್ಲ. ಅವಳು ಅದನ್ನೇ ನೋಡುತ್ತಾ, "ಹಂಗಾರ ನನ್ನ ಕೈ ಬರತಿತ್ತು," ಅಂದಳು. ಆಮೇಲೆ, "ನಾ ಸುಮ್ಮಸುಮ್ನ ಅದನ್ನ ಬೈದೆ," ಅಂದಳು. ಕಳಕಪ್ಪ ಅವಳ ಕಾಲಿಗೆ ಬಿದ್ದ. ಅವಳು ಎಡಗೈಯಿಂದ ಅವನ ತಲೆ ಮುಟ್ಟಿದಳು. ಬಲಗೈ ಮತ್ತೆ ಏಳಲಿಲ್ಲ. ಅವಳು ಮಗ್ಗಕ್ಕೆ ಕೂರಲಿಲ್ಲ.

ಅಲ್ಲಿಂದ ಮುಂದೆ ಕಳಕಪ್ಪ ಬಟ್ಟೆ ಮುಚ್ಚಲಿಲ್ಲ. ಯಾರಾದರೂ ಹೋ ಅಂದರೆ ಎದ್ದು ಹೊರಗೆ ಹೋಗುತ್ತಿದ್ದನಂತೆ. ಅವನು ಯಾವಾಗ ಹೋದ, ಗುರುಬಸವ್ವ ಯಾವಾಗ ಹೋದಳು, ಅದನ್ನು ಹೇಳುವವರು ಉಳಿದಿಲ್ಲ.

ಆದರೆ ಆ ಊರಿಗೆ ಹೋಗಿ ನೋಡಿ. ಈಗಲೂ ಹಳೇ ಗೇಮಿಗೆ ಹೊಸ ಟಿವಿ ಹೊಂದಿಸುವವನು ಚಿತ್ರ ಹೇಗಿದೆ ಅಂತ ಮೊದಲು ಕೇಳುವುದಿಲ್ಲ. ಸಾಣೆಯೆಲ್ಲ ತೆಗೆದು, ಆಡುವವರ ಕೈಗೆ ರಿಮೋಟ್ ಕೊಟ್ಟು, "ಕೈಗೆ ಬಂತೇನ್ರಿ?" ಅನ್ನುತ್ತಾನೆ. ಬಂತು ಅನ್ನುವವರೆಗೆ ಮನೆಯವರು ಯಾರೂ ಚಿತ್ರವನ್ನು ಹೊಗಳುವುದಿಲ್ಲ. ಮಗುವಾಗಲಿ ಮುದುಕರಾಗಲಿ, ಕೈ ಬರವಲ್ದು ಅಂದರೆ ಆ ಊರಿನಲ್ಲಿ ಯಾರೂ ನಗುವುದಿಲ್ಲ. ಮೊದಲು ಟಿವಿಯನ್ನೇ ಅನುಮಾನಿಸುತ್ತಾರೆ.